ಅಂಜೂರದ ಮರದಡಿ

ಉರ್ಬಿನೊ ಊರಿನ ಏರುದಾರಿ ಹತ್ತುವಾಗ ಡೆಲ್ಫೀನಾಳಿಗೆ ಏದುಸಿರು ಬಂತು, ಅಂಜಿಕೆ ಮಾತ್ರ ಬರಲಿಲ್ಲ. ಮಣ್ಣಿನಡಿ ಅಡಗಿ ಬೆಳೆಯುವ ಬಿಳಿ ಟ್ರಫಲ್ ಅಣಬೆ ಹುಡುಕುತ್ತ ಗಂಡನ ಜೊತೆ ನಲವತ್ತು ವರ್ಷ ಕಾಡು ಸುತ್ತಿದವಳು ಅವಳು. ಆದರೆ ಅಣಬೆ ಅಗೆಯುವ ಲೈಸೆನ್ಸ್ ಇದ್ದದ್ದು ಗಂಡನ ಹೆಸರಿನಲ್ಲಿ. ಅವನು ತೀರಿಕೊಂಡು ಎರಡು ವರ್ಷ. ಅಂದಿನಿಂದ, ಅಣಬೆ ಮೂಸಿ ಹುಡುಕಿಕೊಡುತ್ತಿದ್ದ ಹೆಣ್ಣುನಾಯಿ ಬೀರ್ಬಾ ಹೊಸ್ತಿಲಲ್ಲಿ ಮಲಗಿ ಕಾಡಿನ ಕಡೆಯೇ ನೋಡುತ್ತಿತ್ತು. ಇವತ್ತಿನ ಲೈಸೆನ್ಸ್ ಪರೀಕ್ಷೆ ಪಾಸಾದರೆ ಇಬ್ಬರೂ ಮತ್ತೆ ಕಾಡಿಗೆ ಹೋಗಬಹುದು.

ವಿಶ್ವವಿದ್ಯಾಲಯದ ಕೋಣೆಯೊಂದರಲ್ಲಿ ಪರೀಕ್ಷೆ, ಎಲ್ಲ ಬಾಯಿಮಾತಿನಲ್ಲೇ. ಯಾರು ಬೇಕಾದರೂ ಕೂತು ಕೇಳಬಹುದು. ಮೊದಲ ಸಾಲಿನಲ್ಲೇ ಪಕ್ಕದ ತೋಟದ ಸೆತ್ತೀಮಿಯೊ ಕೂತಿದ್ದ. ಅಳಿಯನನ್ನು ಪರೀಕ್ಷೆಗೆ ಕರೆತಂದೆನೆಂಬುದು ನೆಪ. ಡೆಲ್ಫೀನಾ ಟ್ರಫಲ್ ಅಗೆಯುವ ಜಾಗ ಪತ್ತೆ ಮಾಡಲು ಅವನು ವರ್ಷಗಟ್ಟಲೆ ಹೊಂಚು ಹಾಕಿದ್ದು ಊರಿಗೇ ಗೊತ್ತು.

"ಈ ವಯಸ್ಸಲ್ಲಿ ಓದೋ ಹುಚ್ಚು ಹಿಡೀತಾ, ಡೆಲ್ಫೀನಾ?"

"ನಿನ್ನ ಅಳಿಯನಿಗೆ ಹೇಳ್ಕೊಡೋಣ ಅಂತ ಬಂದೆ ಕಣೋ. ನಿನ್ನ ಕೈಲಿ ಆಗ್ಲಿಲ್ವಲ್ಲ."

ಮೊದಲ ಪ್ರಶ್ನೆಗಳು ಅವಳಿಗೆ ನೀರು ಕುಡಿದಷ್ಟು ಸಲೀಸಾದವು. ಆಮೇಲೆ ಬೊಲೊನ್ಯಾದಿಂದ ಬಂದಿದ್ದ ಪರೀಕ್ಷಕಿ ಕೇಳಿದಳು: "ನಿಮ್ಮ ಕಡೆ ಬಿಳಿ ಟ್ರಫಲ್ ಯಾವ ಮರದಡಿ ಸಿಗುತ್ತಮ್ಮ?"

ಸೆತ್ತೀಮಿಯೊ ಮುಂದಕ್ಕೆ ಬಾಗಿದ.

"ಅಂಜೂರದ ಮರದಡಿ" ಎಂದುಬಿಟ್ಟಳು ಡೆಲ್ಫೀನಾ. ಯಾರು ಜಾಗ ಕೇಳಿದರೂ ಸುಳ್ಳು ಹೇಳಿ ಹೇಳಿ ನಾಲಿಗೆ ಪಳಗಿಹೋಗಿತ್ತು.

ಪರೀಕ್ಷಕಿ ಕನ್ನಡಕ ತೆಗೆದಳು. "ಅಂಜೂರದಡಿ ಒಂದೂ ಬೆಳೆಯಲ್ಲ. ಇದು ತಪ್ಪಾದ್ರೆ ನಾನು ಪಾಸ್ ಮಾಡೋ ಹಾಗಿಲ್ಲ. ಯೋಚ್ನೆ ಮಾಡಿ ಹೇಳಿ."

ನಿಜ ಹೇಳಿದರೆ ಜಾಗ ಹೋಯಿತು, ಹೇಳದಿದ್ದರೆ ಬೀರ್ಬಾಳ ಕಾಡು ಹೋಯಿತು. ಡೆಲ್ಫೀನಾ ಸೆತ್ತೀಮಿಯೊನ ನಿಗುರಿದ ಕಿವಿಯನ್ನೊಮ್ಮೆ ನೋಡಿದಳು.

"ಒಂದು ಚೀಟಿ ಕೊಡಿ ತಾಯಿ."

ಕೈ ಮರೆಮಾಡಿಕೊಂಡು ಬರೆದುಕೊಟ್ಟಳು: ಯಾವ ಮರ, ಎಂಥ ಮಣ್ಣು, ಹಳ್ಳದ ಯಾವ ದಂಡೆ, ಎಷ್ಟು ಆಳ. ಓದುತ್ತ ಓದುತ್ತ ಪರೀಕ್ಷಕಿಯ ಹುಬ್ಬು ಮೇಲೇರಿತು.

"ಇದ್ರಲ್ಲಿ ಅರ್ಧ ನಮ್ಮ ಪುಸ್ತಕದಲ್ಲೇ ಇಲ್ಲ. ನಾನಿಟ್ಕೊಳ್ಲಾ?"

ಡೆಲ್ಫೀನಾ ಚೀಟಿಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡು, ಮಡಚಿ, ಬಾಯಿಗೆ ಹಾಕಿ ಅಗಿದು ನುಂಗಿದಳು. ಸೆತ್ತೀಮಿಯೊ ಕುರ್ಚಿಗೆ ಒರಗಿಬಿಟ್ಟ. ಪರೀಕ್ಷಕಿ ನಗು ತಡೆಯಲಾರದೆ ಪಾಸು ಎಂದು ಸಹಿ ಹಾಕಿದಳು.

"ಭಾನುವಾರ ನಿಮ್ಮ ಕಡೆ ಬಂದ್ರೆ ಆ ಜಾಗ ತೋರಿಸ್ತೀರಾ?"

ಡೆಲ್ಫೀನಾ ಸಹಿಯಾದ ಕಾಗದವನ್ನು ಎದೆಗೊತ್ತಿಕೊಂಡಳು. ಸಂತೋಷಕ್ಕೆ ಕಣ್ಣು ತುಂಬಿತ್ತು.

"ಅಗತ್ಯ ಬನ್ನಿ ತಾಯಿ" ಎಂದಳು. "ಅಂಜೂರ ಹಣ್ಣಾಗಿರುತ್ತೆ."