ಹತ್ತು ನಿಮಿಷದ ಟ್ರ್ಯಾಕ್ಟರು

ನಮ್ಮ ಮಾವ ಚಿಕ್ಕಮುನಿಯಪ್ಪನವರು ತೀರಿಕೊಂಡಾಗ ನಮ್ಮವರ ಪಾಲಿಗೆ ಬಂದದ್ದು ಸಿಂಗಸಂದ್ರದ ಮೂರೆಕರೆ ಹೊಲ, ಎರಡು ಹಸು, ಒಂದು ಹಳೆಯ ಟ್ರ್ಯಾಕ್ಟರು. ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದಿದ್ದ ಅದನ್ನು ಮಾವ ಕೊಂಡಾಗ ಸುತ್ತಲಿನ ಊರಿನವರು ಬುತ್ತಿ ಕಟ್ಟಿಕೊಂಡು ನೋಡಲು ಬಂದಿದ್ದರಂತೆ. ಅವರು ಹಾಸಿಗೆ ಹಿಡಿದ ಮೇಲೆ ಎರಡು ವರ್ಷ ಅದು ಚಪ್ಪರದಡಿ ನಿಂತೇ ಇತ್ತು. ಈಗ ಸ್ಟಾರ್ಟೇನೋ ಆಗುತ್ತಿತ್ತು. ಹತ್ತು ನಿಮಿಷ ಚೆನ್ನಾಗಿ ಓಡಿ, ಕೆಮ್ಮಿ, ನಿಂತುಬಿಡುತ್ತಿತ್ತು. ಅರ್ಧ ಗಂಟೆ ಬಿಟ್ಟರೆ ಮತ್ತೆ ಹತ್ತು ನಿಮಿಷ.

ಅದು ಎಂಬತ್ತೊಂದನೇ ಇಸವಿ. ಮಲ್ಲೇಶ್ವರದ ಒಂದು ಹೆಣ್ಣುಮಕ್ಕಳ ಶಾಲೆಯಿಂದ ನನಗೆ ಕಾಗದ ಬಂದಿತ್ತು. ಜೂನ್ ಒಂದಕ್ಕೆ ಬಂದು ವಿಜ್ಞಾನದ ಪಾಠ ಶುರುಮಾಡಬೇಕು. ಬಿ.ಎಸ್ಸಿ. ಮುಗಿಸಿ ಮದುವೆಯಾಗಿ ಬಂದ ಆರು ವರ್ಷದಲ್ಲಿ ನಾನು ಓದಿದ್ದು ಪೊಟ್ಟಣ ಕಟ್ಟಿ ಬಂದ ಪೇಪರು ಮಾತ್ರ. ಸಿಂಗಸಂದ್ರದಿಂದ ಮಲ್ಲೇಶ್ವರಕ್ಕೆ ಎರಡು ಬಸ್ಸು ಬದಲಾಯಿಸಬೇಕು. ಮನೆಯ ಸೊಸೆ ದಿನಾ ಹಾಗೆ ಓಡಾಡುವುದು ಆಗದ ಮಾತು. ನಮ್ಮವರು ಯೋಚನೆ ಮಾಡಿ ಒಂದು ತೀರ್ಮಾನ ಹೇಳಿದರು. ಮೊದಲ ಮಳೆಯ ಹೊತ್ತಿಗೆ ಟ್ರ್ಯಾಕ್ಟರು ಸರಿಯಾದರೆ ಇಲ್ಲೇ ಇದ್ದು ಅಪ್ಪನ ಹಾಗೆ ಬೇಸಾಯ. ಆಗದಿದ್ದರೆ ಅದನ್ನು ಗುಜರಿಗೆ ಹಾಕಿ, ಹೊಲವನ್ನು ಬೆಳೆಯಲ್ಲಿ ಪಾಲು ಬರುವಂತೆ ವಾರಕ್ಕೆ ಕೊಟ್ಟು, ಯಶವಂತಪುರದಲ್ಲಿ ಬಾಡಿಗೆ ಮನೆ. ಅವರಿಗೆ ಪೀಣ್ಯದಲ್ಲಿ ಕೆಲಸ ಕೊಡಿಸಲು ಸ್ನೇಹಿತ ಚಿನ್ನಪ್ಪ ಒಪ್ಪಿದ್ದ. ನನಗೆ ಶಾಲೆ.

ಅತ್ತೆ ಬೈರಮ್ಮನವರೂ ಬೇಡ ಅನ್ನಲಿಲ್ಲ. "ಓದ್ದೋಳು ನೀನು, ಸಗಣಿ ಬಾಚ್ಕೊಂಡು ಇಂಗೇ ಇರ್ಬೇಕಾ ಅಮ್ಮಣ್ಣಿ? ಓಗೋಣ ನಡಿ, ನಾನೂ ಬತ್ತೀನಿ" ಅಂದರು. ಹಸುಗಳನ್ನು ಬಿಟ್ಟು ಒಂದು ದಿನವೂ ಇರದ ಹೆಂಗಸು ಹಾಗೆ ಹೇಳಿದ್ದು ನನಗೆ ಇಂದಿಗೂ ನೆನಪಿದೆ.

ಬೊಮ್ಮನಹಳ್ಳಿಯ ಮೆಕ್ಯಾನಿಕ್ ಹನುಮಯ್ಯ ಪ್ರತಿ ಭಾನುವಾರ ಸೈಕಲ್ಲಿನಲ್ಲಿ ಬರುತ್ತಿದ್ದ. ಎಣ್ಣೆ ತೊಟ್ಟಿಕ್ಕಿ ನನ್ನ ರಂಗೋಲಿ ಕೆಡಬಾರದೆಂದು ಗೋಣಿಚೀಲ ಹಾಸಿಕೊಂಡೇ ಕೆಲಸಕ್ಕೆ ಕೂರುತ್ತಿದ್ದ. ಪಂಪು ಬಿಚ್ಚಿದ, ಫಿಲ್ಟರು ಬದಲಾಯಿಸಿದ, ಪೈಪುಗಳನ್ನೆಲ್ಲ ಊದಿ ನೋಡಿದ. ಹತ್ತು ನಿಮಿಷ ಹನ್ನೊಂದಾಗಲಿಲ್ಲ. ಬೀದಿಯವರು ಅವನನ್ನು ಆಡಿಕೊಳ್ಳಲು ಶುರುಮಾಡಿದರು. ನಮ್ಮವರು ಊಟಕ್ಕೆ ಕೂತರೆ ತುತ್ತು ಕೈಯಲ್ಲೇ ಉಳಿಯುತ್ತಿತ್ತು. ನಾನು ಮಾತ್ರ ಒಳಗೊಳಗೇ ದಿನ ಎಣಿಸುತ್ತಿದ್ದೆ.

ಏಪ್ರಿಲ್ ಕೊನೆಯ ಒಂದು ಬುಧವಾರ, ಎಂಜಿನ್ ಆಗ ತಾನೇ ನಿಂತಿತ್ತು. ಟ್ಯಾಂಕಿನಲ್ಲಿ ಎಷ್ಟು ಡೀಸೆಲ್ ಇದೆ, ಕಡ್ಡಿ ಹಾಕಿ ನೋಡು ಎಂದು ನಮ್ಮವರು ನನಗೆ ಹೇಳಿ ನೀರು ಕುಡಿಯಲು ಒಳಗೆ ಹೋದರು. ಮುಚ್ಚಳ ಬಿಗಿದು ಕೂತಿತ್ತು. ತಿರುಗಿಸಿದಾಗ ಒಳಗೆ 'ಸುಯ್' ಎಂದು ಗಾಳಿ ಎಳೆದುಕೊಂಡಿತು, ಬಹಳ ಹೊತ್ತಿನಿಂದ ಉಸಿರು ಹಿಡಿದಿದ್ದವರ ಹಾಗೆ.

ಎಣ್ಣೆ ಡಬ್ಬಕ್ಕೆ ನಾವು ಒಂದೇ ತೂತು ಮಾಡುವುದಿಲ್ಲ. ಎದುರು ಮೂಲೆಯಲ್ಲಿ ಇನ್ನೊಂದು ಮಾಡುತ್ತೇವೆ. ಗಾಳಿ ಒಳಗೆ ಹೋಗದೆ ಎಣ್ಣೆ ಹೊರಗೆ ಬರುವುದಿಲ್ಲ. ಮುಚ್ಚಳವನ್ನು ಬೆಳಕಿಗೆ ಹಿಡಿದೆ. ನಡುವೆ ಸಾಸಿವೆಗಾತ್ರದ ಒಂದು ತೂತು ಇತ್ತು. ಅದರ ತುಂಬ ಗಂಧ, ಕುಂಕುಮ, ಎಣ್ಣೆ ಸೇರಿ ಕಲ್ಲಾಗಿತ್ತು.

ಬಾನೆಟ್ಟಿನ ಮೇಲಿದ್ದ ಆ ಮುಚ್ಚಳವೇ ನಮ್ಮ ಮನೆಯಲ್ಲಿ ಟ್ರ್ಯಾಕ್ಟರಿನ ಹಣೆ. ಮೊದಲೆಲ್ಲ ವರ್ಷಕ್ಕೊಮ್ಮೆ ಆಯುಧಪೂಜೆಗೆ ಅಲ್ಲಿ ಬೊಟ್ಟಿಡುತ್ತಿದ್ದರು. ಮಾವ ಓಡಿಸುತ್ತಲೇ ಇದ್ದುದರಿಂದ ಅದು ಉದುರಿಹೋಗುತ್ತಿತ್ತು. ಅವರು ಮಲಗಿದ ಮೇಲೆ ಅತ್ತೆ ಹರಕೆ ಹೊತ್ತು ಪ್ರತಿ ಶುಕ್ರವಾರ ಇಡತೊಡಗಿದರು. ಮಾವ ಹೋದ ಮೇಲೆ ಕುಂಕುಮದ ತಟ್ಟೆ ನನ್ನ ಕೈಗೆ ಬಂತು. ಟ್ರ್ಯಾಕ್ಟರು ಓಡಲಿ ಎಂದು ಬೇಡಿಕೊಂಡೇ ನಾನು ವಾರವಾರವೂ ಅದರ ಉಸಿರನ್ನು ಬೆರಳಿನಿಂದ ಒತ್ತಿ ಮುಚ್ಚಿದ್ದೆ.

ನಮ್ಮವರು ಬಂದು ಕೇಳಿದಾಗ, ಅರ್ಧ ಟ್ಯಾಂಕು ಇದೆ ಎಂದೆ. ಮುಚ್ಚಳವನ್ನು ಮೊದಲಿನ ಹಾಗೇ ಬಿಗಿದೆ.

ಎರಡು ದಿನಕ್ಕೆ ಶುಕ್ರವಾರ ಬಂತು. ಮೈಗೆ ನೀರು ಹಾಕಿಕೊಂಡು, ತಟ್ಟೆ ಹಿಡಿದು ನಿಂತೆ. ಅತ್ತೆ ಕಂಬದ ಹತ್ತಿರ ದೂರವೇ ನಿಂತು ಕೈಮುಗಿದಿದ್ದರು. ಗೊತ್ತಿದ್ದೂ ಬೊಟ್ಟಿಟ್ಟೆ. ಎಂದಿಗಿಂತ ದಪ್ಪಗೇ ಇಟ್ಟೆ.

"ಇಕ್ಕವ್ವ. ನಿನ್ ಕೈಗುಣ ಚೆನ್ನಾಗೈತೆ" ಅಂದರು ಅತ್ತೆ. "ಅವ್ರು ಇದ್ದಾಗ್ಲೂ ಏಳೋರು, ಆ ಉಡುಗಿ ಕೈಲಿ ಇಕ್ಸು ಅಂತ."

ಆ ಭಾನುವಾರ ಹನುಮಯ್ಯ ಬರಲಿಲ್ಲ. ನನ್ನ ಕೈಲಾಗದು, ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿಕಳಿಸಿದ್ದ. ನಮ್ಮವರು ಗುಜರಿಯವನಿಗೆ ಸೋಮವಾರ ಬಾ ಎಂದರು. ಆಮೇಲೆ ಒಂದು ಬಕೆಟ್ ನೀರು ತಂದು ಟ್ರ್ಯಾಕ್ಟರನ್ನು ತೊಳೆಯಲು ಕೂತರು. ಮಾರುವ ಗಾಡಿಯನ್ನು ಯಾರು ಅಷ್ಟು ಹೊತ್ತು ತೊಳೆಯುತ್ತಾರೆ? ಚಕ್ರದ ಸಂದಿನ ಮಣ್ಣನ್ನು ಬೆರಳಿನಿಂದ ತೆಗೆದು ತೆಗೆದು ಒಂದು ಕಡೆ ಗುಡ್ಡೆ ಮಾಡುತ್ತಿದ್ದರು. ಅಪ್ಪ ಉತ್ತ ಹೊಲದ ಮಣ್ಣು ಎಂದೋ ಏನೋ. ಅವರು ಬಟ್ಟೆ ಬದಲಾಯಿಸಲು ಹೋದಾಗ ನಾನು ಬಳೆಯಲ್ಲಿದ್ದ ಪಿನ್ನು ತೆಗೆದು ಆ ತೂತನ್ನು ಕೆದಕಿದೆ. ಪುಡಿಯೆಲ್ಲ ಉದುರಿ ಆಚೆಯ ಬೆಳಕು ಕಾಣುವವರೆಗೂ ಕೆದಕಿದೆ. ಕೊನೆಯ ಸಲ ಸ್ಟಾರ್ಟ್ ಮಾಡಿ ನೋಡಿ ಎಂದು ನಾನೇ ಹೇಳಿದೆ.

ಅದು ಹತ್ತು ನಿಮಿಷ ಓಡಿತು. ಇಪ್ಪತ್ತು. ಹೊಲ ಸುತ್ತಿ ಬಂತು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಜಗಲಿಯ ಮೇಲೆ ಕೂತುಬಿಟ್ಟರು.

ಸುದ್ದಿ ಕೇಳಿ ಹನುಮಯ್ಯ ಮಾರನೆಯ ದಿನವೇ ಬಂದ. ನೀನು ಹಾಕಿದ ಫಿಲ್ಟರು ಈಗ ಹೊಂದಿಕೊಂಡಿತು ಎಂಬ ನಮ್ಮವರ ಮಾತಿಗೆ ಸುಮ್ಮನೆ ತಲೆಯಾಡಿಸಿದ. ಅವರು ಗುಜರಿಯವನನ್ನು ಕಳಿಸಿಬರಲು ಬೀದಿಗೆ ಹೋದಾಗ ಮುಚ್ಚಳ ತೆಗೆದು ಮೂಸಿದ, ತೂತನ್ನು ಕಣ್ಣಿಗೆ ಹಿಡಿದ. ಶಾಲೆಯ ಕಾಗದದ ವಿಷಯ ಊರಿಗೆಲ್ಲ ಗೊತ್ತಿತ್ತು.

"ಅಕ್ಕ, ಏನೂ ಅನ್ಕೋಬೇಡಿ" ಅಂದ, ದನಿ ತಗ್ಗಿಸಿ. "ನೀವು ಊಂ ಅಂದ್ರೆ ಇದ್ನ ನಾನೇ ಮತ್ತೆ ಮುಚ್ಬಿಡ್ತೀನಿ. ನನ್ ಕೈಲಿ ಆಗ್ಲಿಲ್ಲ ಅಂತ ಏಳಿ ಸೈಕಲ್ ಅತ್ತೀನಿ."

"ಬೇಡ ಹನುಮಯ್ಯ. ನಿಮ್ಮ ಹೆಸರು ಯಾಕೆ ಕೆಡಬೇಕು?"

"ನನ್ ಎಸ್ರು ಕೆಟ್ರೆ ನಾಳಿದ್ದು ಇನ್ನೊಂದು ಗಾಡಿ ರಿಪೇರಿ ಮಾಡಿ ಸರಿ ಮಾಡ್ಕೊಂತೀನಿ. ನಿಮ್ದು ಅಂಗಲ್ಲ."

ನಾನು ಮತ್ತೆ ಬೇಡ ಎಂದೆ. ಅವನು ಮುಚ್ಚಳವನ್ನು ತಿರುಗಿಸಿ ಬಿಗಿದ. ಹೋಗುವ ಮುಂಚೆ ಅತ್ತೆಗೆ, ಇನ್ನು ಮೇಲೆ ಬೊಟ್ಟನ್ನು ಮುಂದಿನ ದೀಪಗಳಿಗೆ ಇಡಿಸಿ, ಗಾಡಿಗೆ ಕಣ್ಣೇ ಮುಖ್ಯ ಎಂದು ಹೇಳಿ ಹೋದ. ಅತ್ತೆ ಅದನ್ನು ನಂಬಿದರು.

ಶಾಲೆಗೆ ಬರಲಾಗುವುದಿಲ್ಲವೆಂದು ನಾಲ್ಕು ಸಾಲು ಬರೆದು ಹಾಕಿದೆ. ಜೂನ್ ಒಂದರ ಬೆಳಿಗ್ಗೆ ಹಿಂದಿನ ದಿನದ ಮಳೆಗೆ ಹೊಲ ಹದವಾಗಿತ್ತು. ನಮ್ಮವರು ಉಳಲು ಹೋದರು. ನಾನು ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದೆ. ಎಂಜಿನ್ನಿನ ಸದ್ದು ಹೊಲದ ಆಚೆ ತುದಿಗೆ ಹೋಗುತ್ತಿತ್ತು, ತಿರುಗಿ ಬರುತ್ತಿತ್ತು. ಮಂಕರಿ ತುಂಬಿ ಎಷ್ಟೋ ಹೊತ್ತಾಗಿತ್ತು. ನಾನು ಅದನ್ನು ಎತ್ತದೆ, ಆ ಸದ್ದು ಎಲ್ಲಿ ನಿಲ್ಲುತ್ತದೋ ಎಂದು ಕಿವಿಗೊಟ್ಟು ನಿಂತೇ ಇದ್ದೆ.