ಬಾಯಿ ಮುಚ್ಚಿ ಕೇಳಿದ ಪ್ರಶ್ನೆ

"ಗಂಗುಬಾಯಿ, ಒಳಗ ಯಾರ ತುಟೀನೂ ನೋಡಬ್ಯಾಡಂತ ಹೇಳ್ರಿ ಅವರಿಗೆ," ಎಂದರು ನಮ್ಮ ವಕೀಲೆ ಛಾಯಾತಾಯಿ, ಕೊಲ್ಹಾಪುರದ ಕಾರ್ಮಿಕ ಕಚೇರಿಯ ಮೆಟ್ಟಿಲ ಮೇಲೆ.

ಹೇಳಿದೆ. ನನ್ನ ಗಂಡ ಬಸವಣ್ಣೆಪ್ಪ ತಲೆಯಾಡಿಸಿದರು.

ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ಅವರ ಕಿವಿ ಹೋಗಿದೆ. ಕಿವುಡನೆಂದು ಮಾಲೀಕ ಕೆಲಸ ಬಿಡಿಸಿದ. ಈಗ ಪರಿಹಾರ ಕೇಳಿದರೆ ಕಿವುಡನೇ ಅಲ್ಲ ಎನ್ನುತ್ತಾನೆ.

ಶೆಡ್ಡಿನ ಸದ್ದಿನಲ್ಲಿ ಕೂಗಿದರೂ ಕೇಳದು. ಅಲ್ಲಿ ಎಲ್ಲರೂ ತುಟಿ ನೋಡಿಯೇ ಮಾತಾಡುವವರು. ನಾನೂ ಅಲ್ಲೇ ಕಂಡಿಕೆಗೆ ನೂಲು ಸುತ್ತುವವಳು. ಮನೆಯಲ್ಲೂ ನಾವು ದನಿ ತೆಗೆಯುವುದಿಲ್ಲ. ಮಗಳು ಅಪ್ಪನನ್ನು ಊಟಕ್ಕೆ ಕರೆಯುವುದೂ ಬರೀ ತುಟಿಯಲ್ಲೇ.

"ದವಾಖಾನ್ಯಾಗ ಕಿವಿ ತಪಾಸ ಮಾಡೋ ಮಷೀನಿನ ಸದ್ದ ಕೇಳಿದ್ರೂ ಇಂವಾ ಬೇಕಂತನ ಗುಂಡಿ ಒತ್ತಿಲ್ಲರಿ," ಎಂದ ಮಾಲೀಕನ ವಕೀಲ, ಒಳಗೆ ತೀರ್ಪು ಕೊಡುವ ಸಾಹೇಬರ ಮುಂದೆ. "ಎಲ್ಲಾ ನಾಟಕ."

ಸಾಹೇಬರು ಮೆಲ್ಲಗೆ ಕೇಳಿದರು. "ನಿಮ್ಮ ಊರು?"

"ಹಲಕರ್ಣಿ ರೀ."

ಬಸವಣ್ಣೆಪ್ಪ ತಲೆಯೆತ್ತಿ, ಸಾಹೇಬರ ತುಟಿ ನೋಡಿಯೇ ಹೇಳಿದರು. ದೊಡ್ಡವರು ಮಾತಾಡಿಸುವಾಗ ನೆಲ ನೋಡುವುದು ಅವರಿಂದಾಗದು.

ವಕೀಲ ನಕ್ಕ. "ಕಿವುಡ ಭಾಳ ಚುರುಕ ಅದಾನ."

"ತುಟಿ ನೋಡಿ ಹೇಳ್ಯಾರ್ರಿ ಸಾಹೇಬ್ರ," ಛಾಯಾತಾಯಿ ಎದ್ದರು. "ತುಟಿ ಕಾಣದಂಗ ಬಾಯಿ ಮುಚ್ಚಿ ಪ್ರಶ್ನೆ ಕೇಳ್ರಿ. ಉತ್ತರ ಕೊಟ್ರ ನಮ್ಮ ಕೇಸ ಒಗದಬಿಡ್ರಿ."

ಸಾಹೇಬರು ಫೈಲನ್ನು ಮುಖಕ್ಕೆ ಅಡ್ಡ ಹಿಡಿದು ಮಗಳ ಹೆಸರು ಕೇಳಿದರು.

ಬಸವಣ್ಣೆಪ್ಪ ಫೈಲನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಅಂಗಡಿಯಲ್ಲಿ, ಬಸ್ಸಿನಲ್ಲಿ, ತಿಳಿಯದಾಗಲೆಲ್ಲ ಹೀಗೇ ತಿರುಗುತ್ತಾರೆ.

ನನ್ನ ತುಟಿ ಆಡಿಬಿಟ್ಟಿತು. ಮಗಳ ಹೆಸರ ಕೇಳಾಕತ್ತಾರ.

"ಸಪನಾ ರೀ," ಎಂದರು.

ನನ್ನ ತುಟಿ ಆಡಿದ್ದನ್ನು ಬೇರೆ ಯಾರೂ ನೋಡಿರಲಿಲ್ಲ. ಎದ್ದು ನಿಂತೆ. "ನಾ ಹೇಳಿಕೊಟ್ಟೇನ್ರಿ ಸಾಹೇಬ್ರ. ಅವರಿಗೆ ಕೇಳಿಲ್ಲ."

"ಯಾವಾಗ ಹೇಳಿದ್ರಿ ವೈನಿ?" ಎಂದ ವಕೀಲ. "ನಮ್ಮ ಕಿವಿಗಂತೂ ಏನೂ ಬೀಳಲಿಲ್ಲ."

"ದನಿ ತಗದಿಲ್ಲರಿ."

"ಮತ್ತ ಹೇಳಿದ್ದ ಹೆಂಗ?"

ಕಾರಕೂನ ನಕ್ಕ. ಸಾಹೇಬರು ಬರೆಯುತ್ತಿದ್ದರು. ಛಾಯಾತಾಯಿ ಕಾಗದ ಜೋಡಿಸಿ ಚೀಲಕ್ಕೆ ಹಾಕಿದರು. "ಮ್ಯಾಲಿನ ಕೋರ್ಟ ಐತಿ," ಎಂದರು, ನನ್ನ ಮುಖ ನೋಡದೆ.

ಇಚಲಕರಂಜಿ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ನಾಳೆ ನನ್ನದು ಬೆಳಗಿನ ಪಾಳಿ. ಹಿಟ್ಟು ಬೀಸಿಸಬೇಕು ಎಂದು ನೆನಪಾಯಿತು. ಬೇರೇನೂ ಅನಿಸಲಿಲ್ಲ.

"ಸರಿ ಹೇಳಿದ್ನಲ್ಲ?" ಎಂದರು ಬಸವಣ್ಣೆಪ್ಪ, ಇಡೀ ಬಸ್ಸಿಗೆ ಕೇಳುವಂತೆ. ಮುಂದಿನ ಸೀಟಿನವರು ತಿರುಗಿ ನೋಡಿದರು.

ಸರಿ ಹೇಳಿದ್ರಿ, ಎಂದೆ. ಎಂದಿನಂತೆ, ದನಿ ತೆಗೆಯದೆ.