ಬುರ್ಹಾನುದ್ದೀನರ ಪೇಚ್‌ಕಸ್ಸು

ಯಂತ್ರ ರಿಪೇರಿಯ ಬುರ್ಹಾನುದ್ದೀನ್ ಮಿಸ್ತ್ರಿಯವರನ್ನು ಒಂದು ಕಡೆ ಕೂರಿಸುವುದು ಯಾರಿಂದಲೂ ಆಗದ ಕೆಲಸ. ಶಹಾಬಜಾರದ ನಮ್ಮ ಮನೆಗೆ ಚಹಾಕ್ಕೆ ಬಂದರೆ ಒಂದು ಗುಟುಕಿಗೆ ಎದ್ದು ಫ್ರಿಜ್ಜಿನ ಬೆನ್ನಿಗೆ ಅಂಗೈ ಒತ್ತುವರು, ಇನ್ನೊಂದಕ್ಕೆ ಎದ್ದು ನೀರಿನ ಮೋಟರಿಗೆ ಮೊಣಕಾಲು ಆನಿಸುವರು. ಖಾಕಿ ಕೋಟಿನ ಜೇಬಿನಿಂದ ಇಣುಕುವ, ತಿರುಪು ಬಿಚ್ಚುವ ಉದ್ದನೆಯ ಪೇಚ್‌ಕಸ್ಸು ಅವರೊಡನೆ ಅತ್ತಿತ್ತ ತೂಗಾಡುವುದು. "ಏನ್ ಹುಳಾ ಹೊಕ್ಕದರೀ ನಿಮಗ, ಕೂಡ್ರಿ!" ಎಂದು ಬೈಯುತ್ತಿದ್ದೆ. ಕೇಳಿಯೂ ಕೇಳದವರಂತೆ ನಗುವರೆಂದೇ ನನ್ನ ಎಣಿಕೆ.

ಕಳೆದ ಚಳಿಗಾಲ, ಕಮಲಾಪುರದ ಕಡೆಯ ಕೆರೆಯಲ್ಲಿ ಪ್ರವಾಸಿಗರ ದೋಣಿ ನಡೆಸುವ ಪಂಚಶೀಲಾ ರಿಪೇರಿಗೆಂದು ಮಿಸ್ತ್ರಿಯವರನ್ನು ಕರೆಸಿದಳು. ಆ ದೋಣಿಯ ಎಂಜಿನ್ ಒಳಗೆ, ಪಂಖ ತಿರುಗಿಸುವ ಗೇರಿನ ಭಾಗ ಹೊರಗೆ ನೀರಿನಲ್ಲಿ. ಅದಕ್ಕೆ ಸ್ಟರ್ನ್‌ಡ್ರೈವ್ ಎನ್ನುತ್ತಾರಂತೆ. ನಡುವಿನ ರಬ್ಬರು ಹರಿದು ನೀರು ನುಗ್ಗಿತ್ತು. ತಮಾಷೆ ನೋಡಲು ನಾನೂ ಹೋಗಿದ್ದೆ. ದಂಡೆಯ ಮೇಲೆ ಆ ಭಾರವನ್ನು ಇಳಿಸಿ, ಹಾಲು ಬೆರೆಸಿದ ಚಹಾದಂತಾಗಿದ್ದ ಗೇರ್ ಆಯಿಲನ್ನು ಬಸಿದು, ರಬ್ಬರು ಬದಲಿಸಿ, ಒಳಗಿನ ಬೇರಿಂಗನ್ನು ಬೆರಳಿನಿಂದ ತಿರುಗಿಸಿ ಕಿವಿಗೊಟ್ಟು, "ಛಲೋ ಅದ" ಎಂದು ಎಲ್ಲವನ್ನೂ ಕೂಡಿಸಿಬಿಟ್ಟರು.

ದೋಣಿ ನೀರಿಗಿಳಿದ ಕೂಡಲೇ ಪಂಚಶೀಲಾ ಹುಬ್ಬು ಗಂಟಿಕ್ಕಿದಳು. "ಚಾಚಾ, ಗರಗರ ಸಪ್ಪಳ ಬರ್ಲಾಕತ್ತದ."

"ಯಾವ ಸಪ್ಪಳ? ಏನೂ ಇಲ್ಲ ಬೇಟಿ," ಎಂದರು ಮಿಸ್ತ್ರಿ, ಅವಳ ತುಟಿಗಳನ್ನೇ ನೋಡುತ್ತ.

"ಮಂದಿ ಮಕ್ಕಳನ್ನ ಕೂಡಿಸ್ಕೊಂಡು ನಡು ನೀರಿಗಿ ಹೋಗಾಕಿ ನಾನು! ಇಷ್ಟ್ ದೊಡ್ಡ ಸಪ್ಪಳ ಕೇಳಂಗಿಲ್ಲೇನು ನಿಮಗ?"

ಅವರು ನನ್ನ ಮುಖ ನೋಡಿದರು. ನನಗೂ ಕೇಳುತ್ತಿತ್ತು, ಹೌದೆಂದು ತಲೆಯಾಡಿಸಿದೆ. ಆಗ ಪೇಚ್‌ಕಸ್ಸಿನ ತುದಿಯನ್ನು ಎಂಜಿನ್ನಿನ ಹಿಂದಿನ ಕಬ್ಬಿಣಕ್ಕೆ ಊರಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚಿದರು. ಹಲ್ಲಿನಿಂದ ತಲೆಯ ಎಲುಬಿನೊಳಗೆ ಏರಿದ ಆ ಗರಗರಕ್ಕೆ ಮುಖ ಬಿಳಿಚಿತು. ಅಬ್ಬಾ, ಅವರು ಅಷ್ಟು ನಿಶ್ಚಲವಾಗಿ ನಿಂತದ್ದನ್ನು ನಾನು ಅದೇ ಮೊದಲು ಕಂಡದ್ದು.

"ಕಿವಿ ಹೋಗ್ಯಾವ ಬೇಟಿ," ಎಂದರು. "ಕಿವಿ ಇಲ್ಲದ ಮಿಸ್ತ್ರಿಗಿ ಯಾರು ಕೆಲಸ ಕೊಡ್ತಾರ?"

ಪಂಚಶೀಲಾ ಕೆರೆಯ ಆಚೆ ದಂಡೆಗೂ ಕೇಳುವಂತೆ ಕೂಗಿದಳು: "ನಾ ಕೊಡ್ತೀನಿ! ಮತ್ತ ಬಿಚ್ರಿ. ಕೈ ನಿಮ್ಮವು, ಕಿವಿ ನನ್ನವು."

ಹೊಸ ಬೇರಿಂಗು ಬಂತು. ಅವರು ತಿರುಗಿಸಿದರು, ಅವಳು ಕೇಳಿದಳು. ದೋಣಿ ಈಗ ಓಡುತ್ತಿದೆ.

ಕೂತಲ್ಲಿ ಕೂರದವರನ್ನು ಚಂಚಲಚಿತ್ತರೆಂದು ನಗುವುದು ನಮಗೆ ಸುಲಭ. ಕಿವಿ ಕೈಕೊಟ್ಟು, ಲೋಕ ತಾನಾಗಿ ಬಂದು ಮಾತಾಡಿಸುವುದನ್ನು ನಿಲ್ಲಿಸಿದ ಮೇಲೆ, ಇಂಥವರು ಒಂದೊಂದು ವಸ್ತುವಿನ ಬಳಿಗೂ ತಾವೇ ಹೋಗಿ, ಕೈಯಿಟ್ಟು ಅದರ ಕ್ಷೇಮಸಮಾಚಾರ ಕೇಳಬೇಕು. ಕೂರಲು ಅವರಿಗೆ ಪುರುಸೊತ್ತೆಲ್ಲಿ?